ಕಾತರಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ, ಮೇಷ್ಟ್ರೇ?

— ಮೇಷ್ಟ್ರೇ, ಪುರುಸೊತ್ತಾಗಿದ್ದೀರಾ? ಈ ಕಾಗದ ಒಂದು ಸಲ ನೋಡಿಕೊಡಿ. ಮುಂದಿನ ತಿಂಗಳು ಒಇಟಿ ಪರೀಕ್ಷೆ ಇದೆ. ಬ್ರಿಟನ್ನಿಗೆ ನರ್ಸ್ ಕೆಲಸಕ್ಕೆ ಹೋಗೋರು ತಮಗೆ ಇಂಗ್ಲಿಷ್ ಬರುತ್ತೆ ಅಂತ ತೋರಿಸೋಕೆ ಬರೆಯೋ ಪರೀಕ್ಷೆ. ರೋಗಿಯ ಟಿಪ್ಪಣಿ ಓದೋಕೆ 5 ನಿಮಿಷ, ಅದನ್ನಿಟ್ಟುಕೊಂಡು ಪತ್ರ ಬರೆಯೋಕೆ 40 ನಿಮಿಷ.

— ಕೂತ್ಕೋಮ್ಮ. ಆ ಕಿಟಕಿ ಮೇಲಿರೋ ಕನ್ನಡಕ ಕೊಡು. ಹ್ಞಾ. 78 ವರ್ಷದ ಯಜಮಾನರು, ಸೊಂಟದ ಕೀಲಿಗೆ ಆಪರೇಷನ್ ಆಗಿದೆ, ಮನೆಗೆ ಹೋದ ಮೇಲೆ ನೋಡಿಕೊಳ್ಳೋ ನರ್ಸಿಗೆ ಪತ್ರ. ಔಷಧಿ, ಗಾಯದ ಡ್ರೆಸಿಂಗ್, ವಾಕರ್ ಎಲ್ಲ ಅಚ್ಚುಕಟ್ಟಾಗಿದೆ. ಆದರೆ ಇಲ್ಲಿ ನೋಡು: ‘ಹೀ ಈಸ್ ಆ್ಯಂಕ್ಷಿಯಸ್ಲಿ ವೇಟಿಂಗ್ ಟು ಗೋ ಹೋಮ್.’ ಈ ಯಜಮಾನರಿಗೆ ಏನು ಭಯ?

— ಭಯ ಯಾಕೆ ಮೇಷ್ಟ್ರೇ? ಮೊಮ್ಮಗಳು ಊರಿಂದ ಬಂದಿದ್ದಾಳೆ. ಅವಳನ್ನ ನೋಡೋಕೆ ಕಾತರದಿಂದ ಕಾಯ್ತಿದ್ದಾರೆ.

— ನಿನ್ನ ಕಾಗದ ಓದೋ ಆ ನರ್ಸಿಗೆ ಮೊಮ್ಮಗಳು ಕಾಣೋಲ್ಲ. ಮನೆಗೆ ಹೋಗೋಕೆ ಹೆದರ್ತಿರೋ ಮುದುಕರು ಕಾಣ್ತಾರೆ. ಮೆಟ್ಟಿಲಲ್ಲಿ ಬಿದ್ದುಬಿಡ್ತೀನಿ ಅನ್ನೋ ಚಿಂತೆಯೋ, ಒಬ್ಬರೇ ಇರಬೇಕು ಅನ್ನೋ ದಿಗಿಲೋ ಅಂತ ಯೋಚನೆ ಮಾಡ್ತಾಳೆ. ಮೊದಲನೇ ದಿನವೇ ನಿದ್ದೆ ಬರುತ್ತಾ ಅಂತ ವಿಚಾರಿಸ್ತಾಳೆ. ಅವಳು ಮಾಡೋದರಲ್ಲಿ ತಪ್ಪಿಲ್ಲ. ‘ಆ್ಯಂಗ್ಸೈಟಿ’ ಅನ್ನೋದು ನಿಮ್ಮ ಆಸ್ಪತ್ರೆಗಳಲ್ಲಿ ಬರೀ ಮಾತಲ್ಲ, ಒಂದು ಲಕ್ಷಣ.

— ಅಯ್ಯೋ, ಅದು ನಿಜ. ಚಾರ್ಟಿನಲ್ಲಿ ನಾವೇ ಬರೀತೀವಿ. ಆದರೆ ನೀವೇ ಅಲ್ವಾ ಒಂಬತ್ತನೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು? ‘ಈಗರ್ಲಿ’ ಅಂದ್ರೆ ಕಾತರದಿಂದ, ‘ಆ್ಯಂಕ್ಷಿಯಸ್ಲಿ’ ಅಂದ್ರೂ ಕಾತರದಿಂದ.

— ಹೇಳಿಕೊಟ್ಟಿದ್ದೆ. ನಿಘಂಟಿನಲ್ಲೂ ಹಾಗೇ ಇರುತ್ತೆ. ಇಂಗ್ಲಿಷಿನವರೇ ‘ಆ್ಯಂಕ್ಷಿಯಸ್’ ಪದವನ್ನ ಉತ್ಸಾಹದ ಅರ್ಥದಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸ್ತಾ ಬಂದಿದ್ದಾರೆ. ಕಟ್ಟುನಿಟ್ಟಿನ ವ್ಯಾಕರಣದವರು ಬೇಡ ಅಂದರು, ಜನ ಕೇಳಲಿಲ್ಲ. ಮಾತಿನಲ್ಲಿ ನಡೆಯುತ್ತೆ. ರೋಗಿಯ ಕಾಗದದಲ್ಲಿ ನಡೆಯಲ್ಲ. ಅದರ ಬೇರು ಲ್ಯಾಟಿನ್ನಿನಲ್ಲಿದೆ. ಹಿಸುಕೋದು, ಗಂಟಲು ಅದುಮೋದು ಅಂತ ಆ ಧಾತುವಿನ ಅರ್ಥ. ಅದೇ ಧಾತುವಿನ ನಂಟಿರೋ ಇನ್ನೊಂದು ಪದ ನಿನಗೆ ದಿನಾ ಸಿಗುತ್ತೆ, ಆ್ಯಂಜೈನಾ.

— ಎದೆ ಹಿಂಡೋ ನೋವು!

— ಅದೇ. ಹಿಂಡೋದು ಆ ಪದದೊಳಗೇ ಕೂತಿದೆ. ಈಗ ನಮ್ಮ ‘ಕಾತರ’ಕ್ಕೆ ಬಾ. ಸಂಸ್ಕೃತದಲ್ಲಿ ಕಾತರ ಅಂದ್ರೆ ಅಂಜಿದವನು, ಎದೆಗುಂದಿದವನು. ಕನ್ನಡಕ್ಕೆ ಬಂದು ಅದು ಆಸೆಯ ಕಡೆಗೂ ಚಾಚಿಕೊಂಡಿತು. ಆಪರೇಷನ್ ಥಿಯೇಟರಿನ ಹೊರಗೆ ನಿಂತ ಗಂಡನೂ ಕಾತರದಿಂದ ಕಾಯ್ತಾನೆ, ಮಗಳು ಬರೋ ರೈಲಿಗೆ ನಿಂತ ತಾಯಿಯೂ ಕಾತರದಿಂದ ಕಾಯ್ತಾಳೆ. ಯಾವುದು ಯಾವುದು ಅಂತ ಸುತ್ತಲ ಮಾತು ನಮಗೆ ತಿಳಿಸಿಬಿಡುತ್ತೆ. ಇಂಗ್ಲಿಷಿಗೆ ಹೋಗುವಾಗ ಆ ಸುತ್ತಲ ಮಾತು ಜೊತೆಗೆ ಬರೋಲ್ಲ.

— ಹಾಗಾದ್ರೆ ನಾನು ಏನು ಮಾಡಬೇಕು?

— ಇಂಗ್ಲಿಷ್ ಪದ ಹುಡುಕೋಕೆ ಮುಂಚೆ ಕನ್ನಡದಲ್ಲೇ ಇನ್ನೊಂದು ಪದ ಹುಡುಕು. ಆ ಯಜಮಾನರ ಕಾತರ ಆತಂಕವೋ, ತವಕವೋ, ಅಸಹನೆಯೋ? ಆತಂಕ ಅಂದ್ರೆ ಭಯ. ತವಕದಲ್ಲಿ ಭಯದ ಸುಳಿವೇ ಇಲ್ಲ, ಮನಸ್ಸು ಕಾಲಿಗಿಂತ ಮುಂದೆ ಓಡ್ತಿರುತ್ತೆ ಅಷ್ಟೇ. ಅಸಹನೆಯಲ್ಲಿ ಸಿಟ್ಟಿದೆ. ಆತಂಕಕ್ಕೆ ‘ಆ್ಯಂಕ್ಷಿಯಸ್ಲಿ’, ತವಕಕ್ಕೆ ‘ಈಗರ್ಲಿ’, ಅಸಹನೆಗೆ ‘ಇಂಪೇಷೆಂಟ್ಲಿ’. ನೂರಕ್ಕೆ ನೂರು ಅಲ್ಲ, ಆದರೆ ದಾರಿ ತಪ್ಪಲ್ಲ.

— ನಮ್ಮ ಯಜಮಾನರದು ತವಕ.

— ಅಷ್ಟು ಗೊತ್ತಾದರೆ ಅರ್ಧ ಪತ್ರ ಬರೆದ ಹಾಗೆ. ಈ ‘ಈಗರ್’ ಪದದ ಹುಟ್ಟು ಗೊತ್ತಾ? ಲ್ಯಾಟಿನ್ನಿನಲ್ಲಿ ಚೂಪು ಅಥವಾ ಹುಳಿ ಅನ್ನೋ ಪದ ಇತ್ತು, ಅದು ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ವಿನೆಗರ್ ಅಂತೀವಲ್ಲ, ಅದು ‘ಹುಳಿಯಾದ ವೈನ್’. ವಿನೆಗರ್ ಪದದ ಬಾಲದಲ್ಲಿರೋದೂ ಈಗರ್ ಪದವೂ ಒಂದೇ. ಹ್ಯಾಮ್ಲೆಟ್ ನಾಟಕದಲ್ಲಿ ಸತ್ತ ತಂದೆಯ ಪ್ರೇತ ಬಂದು, ಕಿವಿಗೆ ಸುರಿದ ವಿಷದಿಂದ ತನ್ನ ರಕ್ತ ಹೇಗೆ ಒಡೆಯಿತು ಅಂತ ಹೇಳುವಾಗ ಹಾಲಿಗೆ ಹುಳಿ ಹಿಂಡಿದ ಹೋಲಿಕೆ ಕೊಡುತ್ತೆ. ಅಲ್ಲಿ ಹುಳಿ ಅನ್ನೋದಕ್ಕೆ ಶೇಕ್ಸ್‌ಪಿಯರ್ ಬಳಸಿರೋದು ಇದೇ ‘ಈಗರ್’. ನಮ್ಮ ಮನೆಮಾತಿನ ಹೋಲಿಕೆ ಅಲ್ಲಿ ಕಂಡಾಗ ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತಾ?

— ಹುಳಿಗೂ ತವಕಕ್ಕೂ ಏನು ಸಂಬಂಧ?

— ಹುಳಿ ನಾಲಿಗೆಗೆ ಚೂಪಾಗಿ ತಾಗುತ್ತೆ. ಚೂಪು ಅನ್ನೋ ಅರ್ಥ ನಾಲಿಗೆಯಿಂದ ಮನಸ್ಸಿಗೆ ಹೋಯ್ತು. ಹುಣಸೆಹಣ್ಣು ಕಂಡ ಕೂಡಲೇ ಬಾಯಲ್ಲಿ ನೀರು ಬರೋದೂ ಒಂದು ತವಕವೇ ಅಲ್ವಾ ಅಂತ ನಾನು ಅಂದುಕೊಳ್ತೀನಿ. ಅದು ನನ್ನ ಕಲ್ಪನೆ, ನಿಘಂಟಿನದಲ್ಲ.

— ಲಂಡನ್ನಿನಲ್ಲಿರೋ ನನ್ನ ಸೀನಿಯರ್ ಒಬ್ಬರು ಅಲ್ಲಿ ಎಲ್ಲರೂ ‘ಕೀನ್ ಟು ಗೋ ಹೋಮ್’ ಅಂತ ಬರೀತಾರೆ ಅಂದಿದ್ದರು.

— ಸರಿಯಾಗಿ ಹೇಳಿದ್ದಾರೆ. ಬ್ರಿಟಿಷರ ಬಾಯಲ್ಲಿ ‘ಕೀನ್’ ತುಂಬ ಸಹಜ, ಹಿತವಾದ ಮಾತು. ಅಮೆರಿಕದಲ್ಲಿ ಅಷ್ಟಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ಧೈರ್ಯಶಾಲಿ ಅನ್ನೋ ಪದವಾಗಿತ್ತು, ಆಮೇಲೆ ಹರಿತ ಅಂತಾಯ್ತು, ಆಮೇಲೆ ಉತ್ಸುಕ ಅಂತ. ಆದರೆ ಒಂದು ಎಚ್ಚರಿಕೆ. ಅದಕ್ಕೆ ‘ಲಿ’ ಅಂಟಿಸಿ ‘ಕೀನ್ಲಿ’ ಮಾಡಿದ ಕೂಡಲೇ ಗುಣ ಬದಲಾಗುತ್ತೆ. ‘ಕೀನ್ಲಿ’ ಅಂದಾಗ ತೀವ್ರವಾಗಿ ಅನ್ನೋ ಅರ್ಥ ಮುಂದೆ ಬರುತ್ತೆ. ನೋವನ್ನ ಕೀನ್ಲಿ ಅನುಭವಿಸ್ತಾರೆ, ಚುನಾವಣೆಯಲ್ಲಿ ಕೀನ್ಲಿ ಸೆಣಸ್ತಾರೆ. ಆದ್ದರಿಂದ ಯಜಮಾನರು ‘ಕೀನ್’ ಆಗಿರಲಿ, ‘ಕೀನ್ಲಿ’ ಕಾಯೋದು ಬೇಡ.

— ಆ ‘ಲಿ’ ಅನ್ನೋದು ಎಲ್ಲಿಂದ ಬಂತು?

— ಒಳ್ಳೆ ಪ್ರಶ್ನೆ ಕೇಳಿದೆ. ಅದು ದೇಹ ಅನ್ನೋ ಪದದಿಂದ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ‘ಲಿಕ್’ ಅಂದ್ರೆ ಮೈ. ಇಂಗ್ಲೆಂಡಿನ ಹಳೆಯ ಚರ್ಚುಗಳ ಮುಂದೆ ಸೂರಿರೋ ಬಾಗಿಲು ಇರುತ್ತೆ, ಲಿಚ್‌ಗೇಟ್ ಅಂತಾರೆ. ಶವವನ್ನ ಒಳಗೆ ಒಯ್ಯೋ ಮುಂಚೆ ಅಲ್ಲಿ ಇಳಿಸ್ತಿದ್ದರು. ಆ ‘ಲಿಚ್’ ಕೂಡ ಇದೇ ಮೈ. ಫ್ರೆಂಚರು ಕ್ರಿಯಾವಿಶೇಷಣಕ್ಕೆ ಅಂಟಿಸೋ ಬಾಲ ಲ್ಯಾಟಿನ್ನಿನ ‘ಮನಸ್ಸಿನಿಂದ’ ಅನ್ನೋ ಪದದಿಂದ ಬಂದದ್ದು. ಫ್ರೆಂಚರು ಮನಸ್ಸಿನಿಂದ ಕಾಯ್ತಾರೆ, ಇಂಗ್ಲಿಷರು ಮೈಯಿಂದ ಕಾಯ್ತಾರೆ.

— ನಾವೂ ಮೈಯಿಂದಲೇ ಅಲ್ವಾ? ತುದಿಗಾಲಲ್ಲಿ ನಿಂತು ಕಾಯ್ತೀವಿ. ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀವಿ.

— ಹೌದು. ಇನ್ನೂ ಮುಂದೆ ಹೋಗಿ ನಾವು ಕ್ರಿಯಾವಿಶೇಷಣವನ್ನೇ ಕೈಬಿಡ್ತೀವಿ. ಹಾತೊರೆ, ಹಂಬಲಿಸು, ಹಪಹಪಿಸು, ಚಡಪಡಿಸು. ಈ ಕ್ರಿಯಾಪದಗಳಿಗೆ ‘ಕಾತರದಿಂದ’ ಅಂತ ಬಾಲ ಬೇಕಾ? ಚಡಪಡಿಸು ಅಂದ್ರೆ ಸಾಕು, ಕೈಕಾಲು ನಿಲ್ಲದ ಮನುಷ್ಯ ಎದುರಿಗೇ ಬಂದುಬಿಡ್ತಾನೆ. ಇಂಗ್ಲಿಷಿನಲ್ಲೂ ಒಳ್ಳೆ ಬರಹಗಾರರು ಇದನ್ನೇ ಹೇಳ್ತಾರೆ. ಸ್ಟೀಫನ್ ಕಿಂಗ್ 2000ದಲ್ಲಿ ಬಂದ ತಮ್ಮ ‘ಆನ್ ರೈಟಿಂಗ್’ ಪುಸ್ತಕದಲ್ಲಿ ಕ್ರಿಯಾವಿಶೇಷಣಗಳ ಮೇಲೆ ಹರಿಹಾಯ್ದಿದ್ದಾರೆ. ನಾನು ಅಷ್ಟು ದೂರ ಹೋಗಲ್ಲ. ಆದರೆ ‘ಬ್ರೆತ್‌ಲೆಸ್ಲಿ’, ‘ಹಂಗ್ರಿಲಿ’, ‘ಆ್ಯವಿಡ್ಲಿ’ ಇವೆಲ್ಲ ಕಥೆ ಕಾದಂಬರಿಗೆ ಇರಲಿ. ನಿನ್ನ ಕಾಗದದಲ್ಲಿ ‘ಬ್ರೆತ್‌ಲೆಸ್’ ಅಂತ ಬರೆದರೆ ಆಕ್ಸಿಜನ್ ಹಾಕಿಸ್ತಾರೆ.

— ‘ರೆಸ್ಟ್‌ಲೆಸ್’ ಅಂತ ಬರೆದರೂ ಅಷ್ಟೇ. ನೋವಿರಬಹುದು, ಆಮ್ಲಜನಕ ಕಡಿಮೆಯಾಗಿರಬಹುದು ಅಂತ ಮೊದಲು ಅದನ್ನ ನೋಡ್ತೀವಿ. ಮೇಷ್ಟ್ರೇ, ‘ಇಂಪೇಷೆಂಟ್’ ಬಗ್ಗೆ ನನಗೆ ಒಂದು ಮಾತು ಕೇಳಬೇಕಿದೆ. ಮನಸ್ಸಿನಲ್ಲಿ ಕೂತುಬಿಟ್ಟಿದೆ.

— ಕೇಳು.

— ಮೂರು ವಾರದ ಹಿಂದೆ ನಮ್ಮ ವಾರ್ಡಿನಲ್ಲಿ ಒಬ್ಬ ಹೆಂಗಸು ಇದ್ದರು. ರಕ್ತದ ರಿಪೋರ್ಟು ಬಂತಾ ಅಂತ ಸಂಜೆಯಿಂದ ನಾಲ್ಕೈದು ಸಲ ಕೇಳಿದರು. ಶಿಫ್ಟ್ ಬಿಡುವಾಗ ಒಬ್ಬರು ಹ್ಯಾಂಡೋವರ್‌ನಲ್ಲಿ ‘ಇಂಪೇಷೆಂಟ್, ಡಿಮ್ಯಾಂಡಿಂಗ್’ ಅಂತ ಬರೆದಿಟ್ಟು ಹೋದರು. ಆಮೇಲೆ ಬಂದ ನಾವು ಅದನ್ನ ಓದಿಕೊಂಡೇ ಅವರ ಹತ್ತಿರ ಹೋದ್ವಿ. ಅವರು ಬಾಯಿ ತೆರೆಯೋ ಮೊದಲೇ ‘ಸುಮ್ಮನಿರಮ್ಮ, ಬರುತ್ತೆ’ ಅಂತ ನಾನೂ ಗದರಿಸಿದೆ. ಬೆಳಿಗ್ಗೆ ಗೊತ್ತಾಯ್ತು. ಅವರ ಊರಿಗೆ ರಾತ್ರಿ ಒಂಬತ್ತಕ್ಕೆ ಕಡೆಯ ಬಸ್ಸು. ಮನೆಯಲ್ಲಿ ನಡೆಯೋಕಾಗದ ಅತ್ತೆ ಒಬ್ಬರೇ ಇದ್ದರು. ರಿಪೋರ್ಟು ಸರಿ ಇದ್ದರೆ ಆ ಬಸ್ಸಿಗೆ ಹೋಗಬಹುದಿತ್ತು. ಅದನ್ನ ಯಾರೂ ಕೇಳಲೇ ಇಲ್ಲ.

— ...ಒಂದು ಪದ ಆಕೆಯ ಮುಖಕ್ಕೆ ಅಡ್ಡ ಬಂದುಬಿಡ್ತು.

— ಹೌದು. ಆ ಪದ ಯಾಕೆ ಅಷ್ಟು ಒರಟು?

— ಯಾಕೆಂದರೆ ‘ಇಂಪೇಷೆಂಟ್’ ಕಾಯೋ ಮನುಷ್ಯನ ಮನಸ್ಸನ್ನ ಹೇಳೋದಕ್ಕಿಂತ ಹೆಚ್ಚಾಗಿ ನೋಡೋರ ತೀರ್ಪನ್ನ ಹೇಳುತ್ತೆ. ‘ಈಗರ್’ ಅಂದ್ರೆ ಹೊಗಳಿಕೆಯ ಕಡೆಗೆ, ‘ಇಂಪೇಷೆಂಟ್’ ಅಂದ್ರೆ ದೂರಿನ ಕಡೆಗೆ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಮುಂದೆ ‘ಟು’ ಬಂದರೆ, ಏನನ್ನೋ ಶುರು ಮಾಡೋಕೆ ‘ಇಂಪೇಷೆಂಟ್’ ಅಂದರೆ, ಅದು ತವಕಕ್ಕೆ ಹತ್ತಿರ. ‘ವಿತ್’ ಬಂದರೆ ಯಾರ ಮೇಲೋ ಸಿಡಿಮಿಡಿ. ಒಂಟಿಯಾಗಿ ನಿಂತರೆ ಮನುಷ್ಯನ ಸ್ವಭಾವವೇ ಹಾಗೆ ಅಂತ ಮುದ್ರೆ ಒತ್ತಿದ ಹಾಗೆ. ನಿಮ್ಮ ಹ್ಯಾಂಡೋವರ್‌ನಲ್ಲಿ ಅದು ಒಂಟಿಯಾಗಿ ನಿಂತಿತ್ತು.

— ‘ಪೇಷೆಂಟ್’ ಅನ್ನೋ ಪದವೂ ಅದರೊಳಗೇ ಇದೆಯಲ್ಲ.

— ಅಲ್ಲೇ ಇರೋದು ನೋಡು. ಲ್ಯಾಟಿನ್ನಿನಲ್ಲಿ ನೋವು ತಿನ್ನೋದು, ತಾಳಿಕೊಳ್ಳೋದು ಅನ್ನೋ ಧಾತು. ತಾಳಿಕೊಂಡವನು ಪೇಷೆಂಟ್. ಆದ್ದರಿಂದ ರೋಗಿಯೂ ಪೇಷೆಂಟ್, ತಾಳ್ಮೆ ಇರೋನೂ ಪೇಷೆಂಟ್. ನಮ್ಮ ‘ತಾಳ್ಮೆ’ಯೂ ‘ತಾಳು’ ಅನ್ನೋದರಿಂದಲೇ ಬಂದದ್ದು. ಅವಸರ ಮಾಡೋನಿಗೆ ‘ತಾಳು, ತಾಳು’ ಅಂತೀವಲ್ಲ, ಅಲ್ಲಿ ಹೊರೋದೂ ಕಾಯೋದೂ ಒಂದೇ ಆಗಿದೆ. ಆದರೆ ಈಗ ಹೇಳೋದನ್ನ ಕೇಳು. ‘ಆತುರ’ ಅಂದ್ರೆ ಏನು?

— ಅವಸರ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ.

— ಸಂಸ್ಕೃತದಲ್ಲಿ ಆತುರ ಅಂದ್ರೆ ರೋಗಿ. ಅಮರಕೋಶದಲ್ಲಿ ರೋಗಿಗೆ ಇರೋ ಹೆಸರುಗಳಲ್ಲಿ ಅದೂ ಒಂದು. ಸಾಯೋ ಹೊತ್ತಿನಲ್ಲಿ ತೆಗೆದುಕೊಳ್ಳೋ ಸನ್ಯಾಸಕ್ಕೆ ಆತುರ ಸನ್ಯಾಸ ಅಂತಾರೆ, ಅದು ಅವಸರದ ಸನ್ಯಾಸ ಅಂತಲ್ಲ, ಕಾಯಿಲೆ ಬಿದ್ದವನ ಸನ್ಯಾಸ.

— ಮೇಷ್ಟ್ರೇ! ನಮ್ಮ ವಾರ್ಡಿನ ಮಲಯಾಳಿ ಸಿಸ್ಟರ್ ಆಸ್ಪತ್ರೆಗೆ ‘ಆತುರಾಲಯಂ’ ಅಂತಾರೆ. ನಮ್ಮ ಕೆಲಸಕ್ಕೆ ‘ಆತುರಶುಶ್ರೂಷ’ ಅಂತಾರೆ. ಅವಸರದ ಆಲಯ ಯಾಕೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೆ.

— ಮಲಯಾಳದಲ್ಲಿ ಹಳೆಯ ಅರ್ಥ ಜೀವಂತವಾಗಿದೆ. ಈಗ ಎರಡನ್ನೂ ಪಕ್ಕಪಕ್ಕ ಇಡು. ಹಾಸಿಗೆ ಮೇಲೆ ಮಲಗಿದ ಅದೇ ರೋಗಿ ಇಂಗ್ಲಿಷಿನಲ್ಲಿ ತಾಳ್ಮೆಗೆ ಹೆಸರಾದ, ಕನ್ನಡದಲ್ಲಿ ಅವಸರಕ್ಕೆ ಹೆಸರಾದ. ನನಗೆ ಕನ್ನಡದ ದಾರಿಯೇ ಹೆಚ್ಚು ಸತ್ಯ ಅನ್ನಿಸುತ್ತೆ. ನೋವಿರೋನಿಗೆ ಅವಸರ ಇರಬೇಕಾದ್ದೇ. ಅದು ಅವನ ಅವಗುಣ ಅಲ್ಲ.

— ಆ ಹೆಂಗಸು ಆತುರೆ. ಎರಡೂ ಅರ್ಥದಲ್ಲಿ.

— ಹೌದಮ್ಮ.

— ಮೇಷ್ಟ್ರೇ, ನಾನು ಆವತ್ತು ಅವರಿಗೆ ಹೇಳಿದ ‘ಬರುತ್ತೆ’ ಅನ್ನೋ ಮಾತೂ ತಪ್ಪೇ. ಇಂಗ್ಲಿಷಿನಲ್ಲಿ ಆಗಿದ್ದರೆ ‘ಸೂನ್’ ಅಂತಿದ್ದೆ. ಎಲ್ಲರಿಗೂ ‘ಡಾಕ್ಟರ್ ವಿಲ್ ಕಮ್ ಸೂನ್’ ಅನ್ನೋದೇ.

— ‘ಸೂನ್’ ಪದದ ಕಥೆ ದುಃಖದ ಕಥೆ. ಸಾವಿರ ವರ್ಷದ ಹಿಂದೆ ಅದರ ಅರ್ಥ ‘ಈ ಕ್ಷಣ’. ಜನ ‘ಈ ಕ್ಷಣ ಬರ್ತೀನಿ’ ಅಂದು ತಡ ಮಾಡಿದರು, ಪದವೂ ತಡವಾಯ್ತು. ಆಮೇಲೆ ‘ಅನಾನ್’ ಅನ್ನೋ ಪದ ಬಂತು, ಅದೂ ಒಡನೆಯೇ ಅನ್ನೋ ಅರ್ಥದ್ದು, ಅದಕ್ಕೂ ಅದೇ ಗತಿ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ‘ಬೈ ಆ್ಯಂಡ್ ಬೈ’ ಅಂದ್ರೆ ತಡಮಾಡದೆ. ಹೆರೋದನ ಮುಂದೆ ಕುಣಿದ ಹುಡುಗಿ ಸ್ನಾನಿಕನಾದ ಯೋಹಾನನ ತಲೆಯನ್ನ ಕೇಳುವಾಗ ಬರೋ ಮಾತು ಅದು. ಇವತ್ತು ಅದರ ಅರ್ಥ ‘ಸ್ವಲ್ಪ ಕಾಲದ ಮೇಲೆ’. ‘ಪ್ರೆಸೆಂಟ್ಲಿ’ಗೂ ಹಾಗೇ ಆಯ್ತು. ಅದನ್ನ ನೀನು ನೋಡಿ ಬಳಸಬೇಕು. ನಾವು ಇಲ್ಲಿ ‘ಈಗ’ ಅನ್ನೋ ಅರ್ಥದಲ್ಲಿ ಬರೀತೀವಿ, ಬ್ರಿಟನ್ನಿನ ಹಳಬರು ‘ಸ್ವಲ್ಪ ಹೊತ್ತಿನಲ್ಲಿ’ ಅಂತ ಓದಿಕೊಳ್ಳಬಹುದು. ರೋಗಿಯ ವಿಷಯದಲ್ಲಿ ಆ ಗೊಂದಲ ಬೇಡ, ‘ಕರೆಂಟ್ಲಿ’ ಅಂತ ಬರಿ.

— ನಾವು ಕನ್ನಡದಲ್ಲಿ ಇನ್ನೂ ಮುಂದೆ ಹೋಗಿದ್ದೀವಲ್ಲ. ಒಳಗಿಂದ ‘ಬಂದೆ, ಬಂದೆ’ ಅಂತ ಕೂಗ್ತೀವಿ, ಎದ್ದೇ ಇರಲ್ಲ!

— ಭೂತಕಾಲ ಬಳಸಿಬಿಟ್ಟಿದ್ದೀವಿ! ಬಂದಾಯ್ತು ಅಂತ ಹೇಳಿದರೆ ಕಾಯೋರಿಗೆ ಸಮಾಧಾನ ಅಂತ.

— ನಮ್ಮಲ್ಲಿ ಸಡಿಲವಾಗದ ಪದ ಒಂದಿದೆ ಮೇಷ್ಟ್ರೇ. ‘ಸ್ಟ್ಯಾಟ್’. ಡಾಕ್ಟರ್ ಆರ್ಡರಿನ ಪಕ್ಕ ಸ್ಟ್ಯಾಟ್ ಅಂತ ಇದ್ದರೆ ಕೈಯಲ್ಲಿರೋದು ಬಿಟ್ಟು ಓಡ್ತೀವಿ.

— ಲ್ಯಾಟಿನ್ನಿನ ‘ಸ್ಟಾಟಿಮ್’, ತಕ್ಷಣ. ಬೀದಿಯ ಬಾಯಿಗೆ ಬೀಳದೆ ನಿಮ್ಮವರ ಕೈಯಲ್ಲೇ ಉಳಿದಿದ್ದಕ್ಕೆ ಅದು ಗಟ್ಟಿಯಾಗಿದೆ.

— ಗಟ್ಟಿಯಾಗಿತ್ತು ಅನ್ನಿ. ಈಗೀಗ ಕೆಲವರು ಎಲ್ಲದಕ್ಕೂ ಸ್ಟ್ಯಾಟ್ ಅಂತ ಬರೀತಾರೆ. ನಾವೇ ಯಾವುದು ನಿಜವಾದ ಸ್ಟ್ಯಾಟ್ ಅಂತ ಫೋನ್ ಮಾಡಿ ಕೇಳಬೇಕಾಗುತ್ತೆ.

— ಅದಕ್ಕೂ ‘ಸೂನ್’ ಗತಿ ಬಾರದಿರಲಿ. ಸರಿ, ಈಗ ಪತ್ರದ ಕೊನೆ ನೋಡೋಣ. ‘ಹೋಪ್‌ಫುಲಿ ಹೀ ವಿಲ್ ವಾಕ್ ಇಂಡಿಪೆಂಡೆಂಟ್ಲಿ.’ ಇದು ಯಾರ ಆಸೆ? ಯಜಮಾನರದೋ, ಡಾಕ್ಟರದೋ, ನಿನ್ನದೋ?

— ಎಲ್ಲರದೂ.

— ಹಾಗಾದ್ರೆ ಯಾರದೂ ಅಲ್ಲ. ಈ ಪದದ ಮೇಲೆ ಅಮೆರಿಕದಲ್ಲಿ ದೊಡ್ಡ ಜಗಳವೇ ನಡೆದಿತ್ತು. ‘ಆಸೆ ತುಂಬಿಕೊಂಡು’ ಅನ್ನೋ ಹಳೆಯ ಅರ್ಥ ಮಾತ್ರ ಸರಿ, ‘ಹಾಗಾಗಲಿ ಅಂತ ಆಶಿಸೋಣ’ ಅನ್ನೋದು ತಪ್ಪು ಅಂತ ಪತ್ರಿಕೆಯವರು ಹಟ ಹಿಡಿದಿದ್ದರು. ಅಸೋಸಿಯೇಟೆಡ್ ಪ್ರೆಸ್ಸಿನ ಶೈಲಿ ಕೈಪಿಡಿ 2012ರಲ್ಲಿ ಹೊಸ ಅರ್ಥವನ್ನ ಒಪ್ಪಿಕೊಳ್ತು. ಪತ್ರಿಕೆಗೆ ಸರಿ. ನಿನ್ನ ಪತ್ರದಲ್ಲಿ ಯಾರ ನಿರೀಕ್ಷೆ, ಎಷ್ಟು ವಾರದಲ್ಲಿ ಅಂತ ಬರಿ. ಅರ್ಜಿ ಕಳಿಸುವಾಗ ಕೊನೆಗೆ ‘ಈಗರ್ಲಿ ವೇಟಿಂಗ್ ಫಾರ್ ಯುವರ್ ರಿಪ್ಲೈ’ ಅಂತಲೂ ಬರೀಬೇಡ. ನಮಗೆ ಅದು ವಿನಯ, ಅಲ್ಲಿಯವರಿಗೆ ಬಾಗಿಲು ಬಡಿದ ಹಾಗೆ. ‘ಲುಕ್ ಫಾರ್ವರ್ಡ್ ಟು ಹಿಯರಿಂಗ್’ ಅಂದರೆ ಸಾಕು. ‘ಹಿಯರ್’ ಅಲ್ಲ, ‘ಹಿಯರಿಂಗ್’.

— ಬರ್ಕೊಂಡೆ. ಮೇಷ್ಟ್ರೇ, ‘ಈಗರ್ಲಿ’ಯನ್ನ ವಾಕ್ಯದಲ್ಲಿ ಎಲ್ಲಿ ಇಡಬೇಕು? ಅದರಲ್ಲಿ ನನಗೆ ಯಾವಾಗಲೂ ಅನುಮಾನ.

— ಯಾವ ಕ್ರಿಯೆಗೆ ಅದು ಸೇರಿದ್ದೋ ಅದರ ಪಕ್ಕ. ‘ಹೀ ಈಗರ್ಲಿ ಆಸ್ಕ್ಡ್ ಟು ಗೋ ಹೋಮ್’ ಅಂದರೆ ಕೇಳೋದರಲ್ಲಿ ತವಕ. ‘ಈಗರ್ಲಿ’ಯನ್ನ ಕೊನೆಗೆ ಎಸೆದರೆ ಹೋಗೋದರಲ್ಲಿ ತವಕವೋ ಕೇಳೋದರಲ್ಲೋ ಓದೋರು ತಡಕಾಡಬೇಕು. ಆದರೆ ನನ್ನನ್ನ ಕೇಳಿದರೆ, ಆ ಪದವನ್ನೇ ತೆಗೆದು ಅವರು ಏನು ಮಾಡಿದರು ಅಂತ ಬರಿ. ಟಿಪ್ಪಣಿಯಲ್ಲಿ ಏನಿತ್ತು?

— ಬೆಳಿಗ್ಗೆ ಆರಕ್ಕೇ ಎದ್ದು ಬ್ಯಾಗು ತುಂಬಿಕೊಂಡಿದ್ದಾರೆ. ವಾಕರ್ ಹಿಡಿದು ಮೆಟ್ಟಿಲು ಹತ್ತಿ ತೋರಿಸಿದ್ದಾರೆ. ನೋವು ಕಡಿಮೆ ಇದೆ ಅಂದಿದ್ದಾರೆ.

— ಇಷ್ಟು ಇದ್ದ ಮೇಲೆ ಯಾವ ಕ್ರಿಯಾವಿಶೇಷಣ ಬೇಕು? ‘ಕೀನ್ ಟು ಗೋ ಹೋಮ್’ ಅಂತ ಒಂದು ಮಾತು, ಅದರ ಪಕ್ಕ ಮೆಟ್ಟಿಲು ಹತ್ತಿದ್ದು. ಓದಿದ ನರ್ಸಿಗೆ ಯಜಮಾನರು ಕಣ್ಣಿಗೆ ಬರ್ತಾರೆ. ಇನ್ನೊಂದು ಪದ ಹೇಳ್ತೀನಿ, ಆಮೇಲೆ ಕಾಫಿ ಕುಡಿಯೋಣ. ನಿಮ್ಮ ಸಿಸ್ಟರ್ ಅಂದರಲ್ಲ, ಶುಶ್ರೂಷೆ ಅಂತ. ಸಂಸ್ಕೃತದಲ್ಲಿ ಆಸೆಯನ್ನ ಹೇಳೋಕೆ ಕ್ರಿಯಾವಿಶೇಷಣ ಬೇಕಿಲ್ಲ, ಧಾತುವನ್ನೇ ಮಡಿಸಿಬಿಡ್ತಾರೆ. ತಿಳಿಯೋ ಆಸೆ ಜಿಜ್ಞಾಸೆ, ಕುಡಿಯೋ ಆಸೆ ಪಿಪಾಸೆ. ಶುಶ್ರೂಷೆಯನ್ನೂ ಹಾಗೇ ಕಟ್ಟಿದ್ದು.

— ಏನು ಮಾಡೋ ಆಸೆ?

— ಕೇಳೋ ಆಸೆ. ಕಿವಿಯಿಂದ ಕೇಳೋದು. ಸೇವೆ ಅನ್ನೋ ಅರ್ಥ ಆಮೇಲೆ ಬಂತು.

— ...ಆ ಹೆಂಗಸು ನಾಡಿದ್ದು ಫಾಲೋ ಅಪ್‌ಗೆ ಬರ್ತಾರೆ. ಚೀಟಿ ನಾನೇ ಬರೆದುಕೊಟ್ಟಿದ್ದೆ.

— ನಿನಗೆ ಡ್ಯೂಟಿ ಇದೆಯಾ ಅವತ್ತು?

— ಇದೆ.

— ಹಾಗಾದ್ರೆ ಫೈಲ್ ತೆಗೆದ ಕೂಡಲೇ ಮೇಲೆ ಬಸ್ಸಿನ ಸಮಯ ಬರಿ. ಮನೆಯಲ್ಲಿ ಅತ್ತೆ ಒಬ್ಬರೇ ಅಂತ ಬರಿ. ಮುಂದಿನ ಶಿಫ್ಟಿನವರು ಅದನ್ನ ಓದಿ ಆಕೆಯ ಹತ್ತಿರ ಹೋಗಲಿ.